ಈ ಸಲದ ಆಷಾಢ ಗಾಳಿ ಜೋರೇ? ಮಧ್ಯ ಕರ್ನಾಟಕದ ಜುಲೈ ಗಾಳಿಯನ್ನು ಹಿಂದಿನ ವರ್ಷಗಳೊಡನೆ ಹೋಲಿಸುವ ಬಗೆ

ಚಿತ್ರದುರ್ಗ, ಜಗಳೂರು, ಹರಪನಹಳ್ಳಿ, ಗದಗದ ಕಡೆ ಜುಲೈ ಬಂತೆಂದರೆ ಗಾಳಿಯ ಮಾತು ಶುರುವಾಗುತ್ತದೆ. ಈ ವರ್ಷ ಗಾಳಿ ವಿಪರೀತ ಎಂದು ಒಬ್ಬರು ಹೇಳಿದರೆ, ನಮ್ಮ ಕಾಲದ ಆಷಾಢದ ಗಾಳಿ ಇದಕ್ಕೆ ಎರಡರಷ್ಟಿತ್ತು ಎಂದು ಹಿರಿಯರು ತಳ್ಳಿಹಾಕುತ್ತಾರೆ. ಗಾಳಿಯಂತ್ರದ ಕಂಪನಿಯವರು ಅದೇ ತಿಂಗಳ ಲೆಕ್ಕ ನೋಡಿ ಈ ಸಲ ಗಾಳಿಯೇ ಇಲ್ಲ ಎನ್ನಬಹುದು. ಮೂವರೂ ತಮಗೆ ಕಂಡದ್ದನ್ನೇ ಹೇಳುತ್ತಿದ್ದಾರೆ, ಆದರೆ ಮೂವರೂ ಒಂದೇ ಗಾಳಿಯನ್ನು ಕುರಿತು ಮಾತಾಡುತ್ತಿಲ್ಲ. ಒಂದು ತಿಂಗಳ ಗಾಳಿಯನ್ನು ಹಿಂದಿನ ವರ್ಷಗಳ ಅದೇ ತಿಂಗಳ ಗಾಳಿಯೊಡನೆ ಹೋಲಿಸುವುದು ಮಳೆಯನ್ನು ಹೋಲಿಸಿದಷ್ಟು ಸುಲಭವಲ್ಲ. ಮಳೆಯನ್ನು ಅಳತೆಪಾತ್ರೆಗೆ ಸುರಿದು ಮಿಲಿಮೀಟರಿನಲ್ಲಿ ಓದಬಹುದು. ಗಾಳಿಯ ಅಳತೆಯಾದರೋ ಎತ್ತರ, ಪಕ್ಕದ ಮರ, ಯಂತ್ರದ ಸವೆತ, ಓದುವ ಹೊತ್ತು ಇವುಗಳೊಡನೆ ಬದಲಾಗುತ್ತದೆ. ಈ ಹೋಲಿಕೆಯನ್ನು ಹೇಗೆ ಮಾಡಿದರೆ ನಂಬಬಹುದು ಎಂಬುದನ್ನು ಕರ್ನಾಟಕದ ನಡುನಾಡನ್ನು ಎದುರಿಗಿಟ್ಟುಕೊಂಡು ಇಲ್ಲಿ ನೋಡಲಾಗಿದೆ.

ಮೊದಲು ತಿಂಗಳ ಗಡಿಯನ್ನು ತೀರ್ಮಾನಿಸಿಕೊಳ್ಳಬೇಕು. ಜನರ ನೆನಪಿನಲ್ಲಿ ಉಳಿಯುವುದು ಆಷಾಢ, ವೀಕ್ಷಣಾಲಯದ ಪುಸ್ತಕದಲ್ಲಿ ಉಳಿಯುವುದು ಜುಲೈ. 2023ರಲ್ಲಿ ನಮ್ಮ ಅಮಾಂತ ಪಂಚಾಂಗದ ಆಷಾಢ ಜೂನ್ 19ಕ್ಕೆ ಆರಂಭವಾಗಿ ಜುಲೈ 17ಕ್ಕೆ ಮುಗಿಯಿತು. 2018ರಲ್ಲಿ ಅಧಿಕ ಜ್ಯೇಷ್ಠ ಬಂದಿದ್ದರಿಂದ ಆಷಾಢ ಶುರುವಾದದ್ದೇ ಜುಲೈ 14ಕ್ಕೆ, ಮುಗಿದದ್ದು ಆಗಸ್ಟ್ 11ಕ್ಕೆ. ಈ ಎರಡು ಆಷಾಢಗಳಿಗೆ ಕ್ಯಾಲೆಂಡರಿನಲ್ಲಿ ಸಮಾನವಾದ ದಿನಗಳು ನಾಲ್ಕೇ. 2015ರಲ್ಲಂತೂ ಅಧಿಕ ಆಷಾಢ, ನಿಜ ಆಷಾಢ ಎರಡೂ ಸೇರಿ ಜೂನ್ ನಡುವಿನಿಂದ ಆಗಸ್ಟ್ ನಡುವಿನವರೆಗೆ ಚಾಚಿಕೊಂಡಿದ್ದವು. ಜೂನ್ ಮೂರನೇ ವಾರದಲ್ಲಿ ಮುಂಗಾರಿನ ಗಾಳಿ ಕೆಲವು ವರ್ಷ ಇನ್ನೂ ನೆಲೆಗೊಂಡಿರುವುದಿಲ್ಲ, ಜುಲೈ ನಡುವಿಗೆ ಅದು ಸಾಮಾನ್ಯವಾಗಿ ಪೂರ್ಣ ಬಲದಲ್ಲಿರುತ್ತದೆ. ಹಾಗಾಗಿ ಆಷಾಢ ಬೇಗ ಬಂದ ವರ್ಷ ಗಾಳಿ ಸಪ್ಪೆಯೆಂದೂ, ತಡವಾಗಿ ಬಂದ ವರ್ಷ ಜೋರೆಂದೂ ಅನ್ನಿಸಲು ಪಂಚಾಂಗವೊಂದೇ ಸಾಕು. ಇದು ಜನರ ನೆನಪನ್ನು ಕಡೆಗಣಿಸಲು ಕಾರಣವಾಗಬಾರದು. ದೊಡ್ಡಬಳ್ಳಾಪುರದಲ್ಲಿ ಆಷಾಢದ ಏಕಾದಶಿಗೆ ಗಾಳಿಪಟ ಹಾರಿಸುವ ರೂಢಿಯ ಹಿಂದೆ ತಲೆಮಾರುಗಳ ನೋಟವಿದೆ. ಆ ನೆನಪನ್ನು ದಾಖಲೆಯೊಡನೆ ಇಟ್ಟು ನೋಡುವಾಗ ತಿಥಿಯನ್ನು ತಾರೀಖಿಗೆ ತಂದುಕೊಂಡೇ ನೋಡಬೇಕು, ಅಷ್ಟೆ. ನನ್ನ ಸಲಹೆಯೆಂದರೆ ಜುಲೈ ಒಂದನ್ನೇ ಹಿಡಿಯದೆ, ಜೂನ್ 16ರಿಂದ ಆಗಸ್ಟ್ 15ರವರೆಗಿನ 61 ದಿನಗಳ ಲೆಕ್ಕವನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಆಷಾಢ ಹಿಂದೆ ಮುಂದೆ ಸರಿದರೂ ಬಹುಪಾಲು ಆ ಅವಧಿಯೊಳಗೇ ಬೀಳುತ್ತದೆ.

ಇನ್ನು ಈ ಗಾಳಿಯ ಮೂಲ. 1966ರಲ್ಲಿ ಪಿ. ವಿ. ಜೋಸೆಫ್ ಮತ್ತು ಪಿ. ಎಲ್. ರಾಮನ್ ಅವರು ಭಾರತದ ಹವಾಮಾನ ಇಲಾಖೆಯ ಪತ್ರಿಕೆಯಲ್ಲಿ ಒಂದು ಮುಖ್ಯ ಲೇಖನ ಪ್ರಕಟಿಸಿದರು. ಜುಲೈ ತಿಂಗಳ ಅನೇಕ ದಿನಗಳಲ್ಲಿ ದಕ್ಷಿಣ ಭಾರತದ ಮೇಲೆ, ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಬೀಸುವ ಒಂದು ಬಿರುಸಾದ ಗಾಳಿಹೊಳೆ ಇರುತ್ತದೆ, ಅದರ ನಡುವಿನ ವೇಗ 40ರಿಂದ 60 ನಾಟ್, ಅಂದರೆ ಗಂಟೆಗೆ 75ರಿಂದ 110 ಕಿಲೋಮೀಟರಿನಷ್ಟು, ಎಂದು ಅವರು ತೋರಿಸಿದರು. ಮೂರು ವರ್ಷಗಳ ನಂತರ, 1969ರಲ್ಲಿ, ಜೆ. ಫಿಂಡ್ಲೇಟರ್ ಆ ಹೊಳೆಯ ಉದ್ದಕ್ಕೂ ಹಿಂದಕ್ಕೆ ಹೋಗಿ ಅದು ದಕ್ಷಿಣ ಹಿಂದೂ ಮಹಾಸಾಗರದಿಂದ ಹೊರಟು, ಮಡಗಾಸ್ಕರ್ ತುದಿಯನ್ನು ದಾಟಿ, ಕೆನ್ಯಾ, ಸೊಮಾಲಿಯಾಗಳ ಅಂಚಿನಲ್ಲಿ ತಿರುಗಿ, ಅರಬ್ಬೀ ಸಮುದ್ರ ಹಾದು ನಮ್ಮತ್ತ ಬರುತ್ತದೆಂದು ನಕ್ಷೆಗಿಳಿಸಿದರು. ಹವಾಮಾನದವರು ಇದನ್ನು ಕೆಳಮಟ್ಟದ ಜೆಟ್ ಎನ್ನುತ್ತಾರೆ. ಚಿತ್ರದುರ್ಗ ಕಡಲಮಟ್ಟದಿಂದ ಏಳುನೂರು ಮೀಟರಿಗೂ ಮೇಲಿದೆ. ಅಲ್ಲಿನ ಜೋಗಿಮಟ್ಟಿ, ಗದಗದ ಕಪ್ಪತಗುಡ್ಡ ಇನ್ನೂ ಎತ್ತರದವು. ಘಟ್ಟ ದಾಟಿ ಬಂದ ಆ ಹೊಳೆಗೆ ಈ ಗುಡ್ಡಗಳ ನೆತ್ತಿ ಮಂಗಳೂರಿನ ಕಡಲತಡಿಗಿಂತ ಹತ್ತಿರ. ಕರ್ನಾಟಕದ ಗಾಳಿಯಂತ್ರಗಳು ಕರಾವಳಿ ಬಿಟ್ಟು ಈ ಗುಡ್ಡಸಾಲುಗಳನ್ನು ಹಿಡಿದು ನಿಂತಿರುವುದಕ್ಕೆ ಇದು ಮುಖ್ಯ ಕಾರಣ.

ಹೋಲಿಕೆಯ ಕೀಲಿ ಸಿಗುವುದು 2004ರಲ್ಲಿ ಅದೇ ಜೋಸೆಫ್ ಅವರು ಎಸ್. ಸಿಜಿಕುಮಾರ್ ಜೊತೆಗೂಡಿ ಬರೆದ ಇನ್ನೊಂದು ಲೇಖನದಲ್ಲಿ. ಮುಂಗಾರು ಚುರುಕಾಗಿರುವಾಗ ಜೆಟ್‌ನ ನಡುಗೆರೆ ದಕ್ಷಿಣ ಭಾರತದ ಮೇಲೆ ಉತ್ತರ ಅಕ್ಷಾಂಶ 12.5ರಿಂದ 17.5 ಡಿಗ್ರಿಗಳ ನಡುವೆ ಹಾಯುತ್ತದೆ. ಮುಂಗಾರಿಗೆ ವಿರಾಮ ಬಿದ್ದಾಗ ಅದು ಆಗ್ನೇಯಕ್ಕೆ ವಾಲಿ, ನಮ್ಮನ್ನು ಬಳಸಿಕೊಂಡು, ಶ್ರೀಲಂಕಾ ಮತ್ತು ಭೂಮಧ್ಯರೇಖೆಯ ನಡುವೆ ಸಾಗಿಬಿಡುತ್ತದೆ. ಚಿತ್ರದುರ್ಗದ ಅಕ್ಷಾಂಶ 14.2, ಗದಗದ್ದು 15.4. ಎರಡೂ ಮೊದಲ ದಾರಿಯ ನಟ್ಟನಡುವೆ ಇವೆ. ಅಂದಮೇಲೆ ಈ ಸೀಮೆಯ ಒಂದು ಜುಲೈ ಗಾಳಿಯದೋ ಅಲ್ಲವೋ ಎಂಬ ಪ್ರಶ್ನೆ ಬಹುಮಟ್ಟಿಗೆ ಇನ್ನೊಂದು ಪ್ರಶ್ನೆಯಾಗಿ ಬದಲಾಗುತ್ತದೆ: ಆ ತಿಂಗಳಲ್ಲಿ ಜೆಟ್ ಎಷ್ಟು ದಿನ ನಮ್ಮ ಮೇಲೆ ನಿಂತಿತ್ತು, ಎಷ್ಟು ದಿನ ಕೆಳಗೆ ಸರಿದಿತ್ತು? 2002ರ ಜುಲೈ ಇದಕ್ಕೆ ಎದ್ದು ಕಾಣುವ ನಿದರ್ಶನ. ದೇಶದ ಒಟ್ಟು ಜುಲೈ ಮಳೆ ಅಂದು ವಾಡಿಕೆಯ ಅರ್ಧದ ಆಸುಪಾಸಿಗೆ ಇಳಿದಿತ್ತು, ವಿರಾಮ ವಾರಗಟ್ಟಲೆ ಮುಂದುವರಿದಿತ್ತು. 2023ರ ಆಗಸ್ಟ್ 1901ರಿಂದೀಚೆಗಿನ ಅತಿ ಒಣ ಆಗಸ್ಟ್. ಇಂಥ ತಿಂಗಳ ಸರಾಸರಿ ಗಾಳಿಯನ್ನು ಸಾಧಾರಣ ವರ್ಷದ್ದಕ್ಕೆ ಹೋಲಿಸಿ ಗಾಳಿ ಶೇಕಡಾ ಇಷ್ಟು ಇಳಿಯಿತು ಎಂದು ಬರೆದರೆ ಸಂಖ್ಯೆ ಸರಿಯಿರಬಹುದು, ಆದರೆ ಅದರಿಂದ ಗಾಳಿಗೆ ಏನಾಯಿತೆಂಬುದು ತಿಳಿಯುವುದಿಲ್ಲ. ಗಾಳಿ ಇಡೀ ತಿಂಗಳು ತುಸು ತುಸು ಕುಂದಿತ್ತೇ, ಅಥವಾ ಹತ್ತು ದಿನ ಎಂದಿನಂತೆ ಬೀಸಿ ಇಪ್ಪತ್ತು ದಿನ ಬಿದ್ದುಹೋಗಿತ್ತೇ? ಎರಡಕ್ಕೂ ಸರಾಸರಿ ಒಂದೇ ಬರಬಹುದು.

ಒಂದು ಉಪಮಾತು. ಗಾಳಿ ಮೋಡವನ್ನು ಹಾರಿಸಿಕೊಂಡು ಹೋಗುತ್ತದೆ, ಅದಕ್ಕೇ ನಮಗೆ ಮಳೆಯಿಲ್ಲ ಎಂದು ಚಳ್ಳಕೆರೆ, ಹಿರಿಯೂರು ಕಡೆಯ ರೈತರು ಹೇಳುತ್ತಾರೆ. ಜೆಟ್ ಬಲವಾಗಿ ನಮ್ಮ ಮೇಲೆ ಹಾಯುವ ದಿನಗಳಲ್ಲಿ ಆಗುಂಬೆಯಂಥ ಘಟ್ಟದ ಊರುಗಳಲ್ಲಿ ಮಳೆ ಸುರಿಯುತ್ತದೆ, ಮಳೆನೆರಳಿನ ಬಯಲಿನಲ್ಲಿ ಮೋಡ ಓಡುತ್ತದೆ, ಜಿಟಿಜಿಟಿ ಹನಿ ಬಿಟ್ಟರೆ ಹೆಚ್ಚೇನೂ ಬೀಳುವುದಿಲ್ಲ. ಬಿತ್ತಿದ ಶೇಂಗಾ ಹೊಲದ ತೇವವನ್ನು ಅದೇ ಗಾಳಿ ಹೀರುತ್ತದೆ. ಕಾರ್ಯಕಾರಣ ರೈತರು ಹೇಳುವಷ್ಟು ನೇರವಾಗಿಲ್ಲದಿದ್ದರೂ, ಗಾಳಿ ಹೆಚ್ಚಾದಾಗ ತಮ್ಮ ಹೊಲ ಒಣಗುತ್ತದೆಂಬ ಅವರ ನೋಟ ಸರಿಯಾಗಿಯೇ ಇದೆ. ಅದನ್ನು ಮೂಢನಂಬಿಕೆ ಎಂದು ಬದಿಗೆ ಸರಿಸುವವರು ಈ ಸೀಮೆಯ ಜುಲೈಯನ್ನು ಹತ್ತಿರದಿಂದ ನೋಡಿಲ್ಲವೆಂದೇ ನನ್ನ ಭಾವನೆ.

ಸರಾಸರಿಯ ವಿಚಾರಕ್ಕೆ ಬರೋಣ. ಗಾಳಿಯಲ್ಲಿರುವ ಶಕ್ತಿ ವೇಗದ ಘನದಂತೆ ಏರುತ್ತದೆ. ಒಂದು ಜುಲೈನಲ್ಲಿ ತಿಂಗಳಿಡೀ ಸೆಕೆಂಡಿಗೆ 8 ಮೀಟರಿನ ಗಾಳಿ ಬೀಸಿತೆಂದುಕೊಳ್ಳಿ. ಇನ್ನೊಂದರಲ್ಲಿ ಅರ್ಧ ತಿಂಗಳು 4 ಮೀಟರ್, ಉಳಿದರ್ಧ 12 ಮೀಟರ್. ಸರಾಸರಿ ಎರಡಕ್ಕೂ 8. ಘನ ತೆಗೆದರೆ ಮೊದಲನೆಯದಕ್ಕೆ 512, ಎರಡನೆಯದಕ್ಕೆ 64 ಮತ್ತು 1728ರ ಸರಾಸರಿ, ಅಂದರೆ 896. ಒಂದೇ ಸರಾಸರಿಯ ಎರಡು ತಿಂಗಳುಗಳ ಗಾಳಿಶಕ್ತಿಯಲ್ಲಿ ಮುಕ್ಕಾಲು ಪಾಲಿನಷ್ಟು ವ್ಯತ್ಯಾಸ. ಆದರೂ ಎರಡನೆಯ ತಿಂಗಳಲ್ಲಿ ಯಂತ್ರದವರಿಗೆ ಪೂರ್ತಿ ಲಾಭವಾಗುತ್ತದೆಂದಲ್ಲ. ಗಾಳಿ ನಿಗದಿತ ಬಲಕ್ಕೆ ಮುಟ್ಟಿದ ಮೇಲೆ ಯಂತ್ರದ ಉತ್ಪಾದನೆ ಏರುವುದಿಲ್ಲ, ಅತಿ ಜೋರಾದರೆ ಅದನ್ನು ನಿಲ್ಲಿಸಬೇಕು. ಹೀಗಾಗಿ ಗಾಳಿಪಟದವರ ಜುಲೈ, ಬಾಳೆತೋಟದವರ ಜುಲೈ, ವಿದ್ಯುತ್ತಿನವರ ಜುಲೈ ಬೇರೆಬೇರೆ ಸಾಲಿನಲ್ಲಿ ನಿಲ್ಲುತ್ತವೆ. ಬಾಳೆಗೊನೆ ಮುರಿಯುವುದು ಒಂದು ಗಂಟೆಯ ಬಿರುಗಾಳಿಗೆ, ತಿಂಗಳ ಸರಾಸರಿಗಲ್ಲ.

ಆದ್ದರಿಂದ ಹೋಲಿಕೆಗೆ ಸರಾಸರಿಯೊಡನೆ ಕನಿಷ್ಠ ಇನ್ನೆರಡು ಅಂಕಿಗಳು ಬೇಕು. ಒಂದು, ಆ ಠಾಣೆಯ ದೀರ್ಘಕಾಲದ ಜುಲೈ ಸರಾಸರಿಯನ್ನು ಮೀರಿದ ದಿನಗಳ ಸಂಖ್ಯೆ. ಇನ್ನೊಂದು, ಆ ದಿನಗಳು ಎಷ್ಟು ಸರದಿಗಳಲ್ಲಿ ಬಂದವು, ಅತಿ ಉದ್ದದ ಸರದಿ ಎಷ್ಟು ದಿನದ್ದು ಎಂಬುದು. ಈ ಎರಡನೆಯದನ್ನು ಬಹುತೇಕ ವರದಿಗಳು ಬಿಟ್ಟೇಬಿಡುತ್ತವೆ. ಜೆಟ್‌ನ ಇರವು ಸರಿವುಗಳ ಗುರುತು ನೆಲದ ದಾಖಲೆಯಲ್ಲಿ ಮೂಡುವುದು ಇಲ್ಲೇ ಆದ್ದರಿಂದ ನನಗೆ ಇದೇ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಇದರಿಂದ ಇನ್ನೊಂದು ಎಚ್ಚರಿಕೆಯೂ ಹುಟ್ಟುತ್ತದೆ. ತಿಂಗಳಿಗೆ 31 ದಿನಗಳ ಅಳತೆಯಿದೆಯೆಂದು ಧೈರ್ಯಪಡುವಂತಿಲ್ಲ, ಏಕೆಂದರೆ ಇಂದಿನ ಗಾಳಿ ನಾಳೆಯ ಗಾಳಿಗೆ ಅಂಟಿಕೊಂಡಿರುತ್ತದೆ. ಒಂದು ದಿನಕ್ಕೂ ಮರುದಿನಕ್ಕೂ ಇರುವ ಸಹಸಂಬಂಧ 0.7 ಎಂದಿಟ್ಟುಕೊಂಡರೆ, 31 ದಿನಗಳು ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಸುಮಾರು ಐದೂವರೆ ಸ್ವತಂತ್ರ ದಿನಗಳಿಗೆ ಸಮ. ಐದಾರು ಅಳತೆಗಳ ಸರಾಸರಿ ವರ್ಷದಿಂದ ವರ್ಷಕ್ಕೆ ಶೇಕಡಾ ಹತ್ತರಷ್ಟು ಏರಿಳಿದರೆ ಅದರಲ್ಲಿ ಅಚ್ಚರಿಯೇನಿಲ್ಲ. ಹೋದ ವರ್ಷಕ್ಕೂ ಈ ವರ್ಷಕ್ಕೂ ನೇರವಾಗಿ ಹೋಲಿಸಿ ತೀರ್ಪು ಕೊಡುವುದು ಈ ಕಾರಣಕ್ಕೆ ದುರ್ಬಲ. 1991ರಿಂದ 2020ರವರೆಗಿನ ಮೂವತ್ತು ಜುಲೈಗಳನ್ನು ಸಾಲಾಗಿಟ್ಟು, ಈ ಜುಲೈ ಅವುಗಳ ನಡುವೆ ಎಷ್ಟನೆಯದೆಂದು ನೋಡುವುದು ಮೇಲು.

ಆ ಮೂವತ್ತು ಅಂಕಿಗಳನ್ನು ಹಾಗೆಯೇ ನಂಬಬಹುದೇ? ಇಲ್ಲಿ ಅಳತೆಯ ಬುಡಕ್ಕೆ ಹೋಗಬೇಕು. ಹಳೆಯ ವೀಕ್ಷಣಾಲಯಗಳಲ್ಲಿರುವ ಬಟ್ಟಲು ಗಾಳಿಮಾಪಕದ ಕೆಳಗೆ, ಮೋಟಾರು ಬೈಕಿನ ಮೈಲಿಮೀಟರಿನಂಥ ಒಂದು ಎಣಿಕೆಪೆಟ್ಟಿಗೆ ಇರುತ್ತದೆ. ಬಟ್ಟಲುಗಳು ತಿರುಗಿದಂತೆ ಅದರ ಅಂಕಿಗಳು ಸರಿಯುತ್ತವೆ. ವೀಕ್ಷಕರು ಬೆಳಗ್ಗೆ 8.30ಕ್ಕೆ ಹೋಗಿ ಅಂಕಿ ಬರೆದುಕೊಳ್ಳುತ್ತಾರೆ. ಅದರಿಂದ ನಿನ್ನೆಯ 8.30ರ ಅಂಕಿಯನ್ನು ಕಳೆದು 24ರಿಂದ ಭಾಗಿಸಿದರೆ ಇಡೀ ದಿನದ ಸರಾಸರಿ ವೇಗ ಬರುತ್ತದೆ. ಇದು ಗಾಳಿ ಹಾಯ್ದ ಒಟ್ಟು ದೂರದ ಲೆಕ್ಕ. ಅದೇ ಪುಸ್ತಕದ ಇನ್ನೊಂದು ಅಂಕಣದಲ್ಲಿ ಬೆಳಗ್ಗೆ 8.30 ಮತ್ತು ಸಂಜೆ 5.30ರ ಕ್ಷಣದಲ್ಲಿ ಕಂಡ ಗಾಳಿಯ ದಿಕ್ಕು, ವೇಗ ಇರುತ್ತವೆ. ಈ ಎರಡು ಅಂಕಣಗಳು ಬೇರೆಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ. ಒಂದು ದಶಕಕ್ಕೆ ಮೊದಲನೆಯದನ್ನೂ ಇನ್ನೊಂದಕ್ಕೆ ಎರಡನೆಯದನ್ನೂ ಬಳಸಿ ಗಾಳಿ ಏರಿತು, ಇಳಿಯಿತು ಎನ್ನುವುದು ಸಲ್ಲದು. ವಿಮಾನ ನಿಲ್ದಾಣಗಳ ವರದಿ ಪೂರ್ಣಾಂಕದ ನಾಟ್‌ಗಳಲ್ಲಿರುತ್ತದೆ. ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್, ನಾವು ಹುಡುಕುವ ವ್ಯತ್ಯಾಸ ಕೆಲವೊಮ್ಮೆ ಅಷ್ಟೂ ಇರುವುದಿಲ್ಲ.

ಪಕ್ಕದ ಮರದ ಕಥೆ ಇನ್ನೂ ಗಂಭೀರ. ಗಾಳಿಮಾಪಕವು ತೆರೆದ ನೆಲದಲ್ಲಿ 10 ಮೀಟರ್ ಎತ್ತರದಲ್ಲಿರಬೇಕು, ಯಾವುದೇ ಅಡೆತಡೆ ಅದರ ಎತ್ತರದ ಹತ್ತು ಪಟ್ಟು ದೂರದಲ್ಲಿರಬೇಕು ಎಂಬುದು ವಿಶ್ವ ಹವಾಮಾನ ಸಂಸ್ಥೆಯ ನಿಯಮ. ಆವರಣದ ಅಂಚಿನಲ್ಲಿ ನೆಟ್ಟ ಬೇವಿನ ಸಸಿ ಎಂಟು ಮೀಟರ್ ಬೆಳೆಯಿತೆಂದರೆ ಮಾಪಕ ಅದರಿಂದ 80 ಮೀಟರ್ ಆಚೆಗಿರಬೇಕು. ಅಷ್ಟು ವಿಶಾಲವಾದ ಆವರಣ ನಮ್ಮ ಊರುಗಳಲ್ಲಿ ಎಷ್ಟಿವೆ? ಮರ ಒಂದು ವರ್ಷದಲ್ಲಿ ಬೆಳೆಯುವುದಿಲ್ಲ, ಅದಕ್ಕೇ ಅದು ತರುವ ಇಳಿಕೆ ಹವಾಮಾನದ ಬದಲಾವಣೆಯಂತೆಯೇ ನಿಧಾನವಾಗಿ, ನಯವಾಗಿ ದಾಖಲೆಯೊಳಗೆ ಸೇರಿಕೊಳ್ಳುತ್ತದೆ. ಪಡುವಣ ದಿಕ್ಕಿನಲ್ಲಿರುವ ಮರ ಜುಲೈ ಗಾಳಿಯನ್ನು ತಡೆಯುತ್ತದೆ, ಮೂಡಣದ ಗಾಳಿ ಬೀಸುವ ಜನವರಿಯನ್ನು ಮುಟ್ಟುವುದಿಲ್ಲ. ಜುಲೈ ಇಳಿದು ಜನವರಿ ಹಾಗೇ ಉಳಿದ ಠಾಣೆ ಸಿಕ್ಕರೆ ನಾನು ಮೊದಲು ಅದರ ಪಶ್ಚಿಮಕ್ಕೆ ಏನು ಎದ್ದಿದೆಯೆಂದು ವಿಚಾರಿಸುತ್ತೇನೆ. ಬೆಂಗಳೂರಿನಂಥ ಕಡೆ ಮರಕ್ಕಿಂತ ಕಟ್ಟಡಗಳ ಪಾಲು ದೊಡ್ಡದು. ನಗರದೊಳಗಿನ ವೀಕ್ಷಣಾಲಯ, ಎಚ್‌ಎಎಲ್ ವಿಮಾನ ನಿಲ್ದಾಣ, 2008ರಲ್ಲಿ ಆರಂಭವಾದ ದೇವನಹಳ್ಳಿಯ ನಿಲ್ದಾಣ ಇವುಗಳ ಅಂಕಿಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಒಂದೇ ಬೆಂಗಳೂರು ಎಂದು ತೋರಿಸಲಾಗದು.

ಇದು ನಮ್ಮೊಬ್ಬರ ತೊಡಕಲ್ಲ. 2012ರಲ್ಲಿ ಟಿಮ್ ಮೆಕ್‌ವಿಕರ್ ಮತ್ತು ಸಂಗಡಿಗರು ಜಗತ್ತಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ, ನೆಲದ ಮೇಲಿನ ಗಾಳಿ ವರ್ಷಕ್ಕೆ ಸರಾಸರಿ ಸೆಕೆಂಡಿಗೆ 0.014 ಮೀಟರಿನಂತೆ ಕುಂದುತ್ತಿದೆಯೆಂದು ತೋರಿಸಿದರು. ಮೂವತ್ತು ವರ್ಷಕ್ಕೆ ಇದು ಗಂಟೆಗೆ ಒಂದೂವರೆ ಕಿಲೋಮೀಟರ್. ಅದಕ್ಕೂ ಮೊದಲೇ, 2010ರಲ್ಲಿ, ರಾಬರ್ಟ್ ವೊತಾರ್ ಅವರ ತಂಡ ಉತ್ತರಾರ್ಧಗೋಳದ ಇಳಿಕೆಯಲ್ಲಿ ಶೇಕಡಾ 25ರಿಂದ 60ರಷ್ಟು ಪಾಲು ನೆಲದ ಒರಟುತನ ಹೆಚ್ಚಿದ್ದರಿಂದ, ಅಂದರೆ ಮುಖ್ಯವಾಗಿ ಗಿಡಮರ ಬೆಳೆದದ್ದರಿಂದ, ಆಗಿರಬಹುದೆಂದು ಅಂದಾಜು ಮಾಡಿತ್ತು. ಭಾರತದ ಠಾಣೆಗಳ 1961ರಿಂದ 2008ರವರೆಗಿನ ದಾಖಲೆಯಲ್ಲಿ ಎ. ಕೆ. ಜೈಸ್ವಾಲ್ ಮತ್ತು ಎ. ಎಲ್. ಕೊಪ್ಪರ್ ಅವರಿಗೂ ಇಳಿಕೆಯೇ ಕಂಡಿತು. ಅವರ ಲೇಖನ 2013ರ ‘ಮೌಸಂ’ ಪತ್ರಿಕೆಯಲ್ಲಿದೆ. 2018ರ ಇನ್ನೊಂದು ಅಧ್ಯಯನ ಪಶ್ಚಿಮ ಭಾರತದ ಗಾಳಿಶಕ್ತಿಯ ಕುಸಿತವನ್ನು ಹಿಂದೂ ಮಹಾಸಾಗರದ ಬಿಸಿಯೇರಿಕೆಯೊಡನೆ ಜೋಡಿಸಿತು. 2019ರಲ್ಲಿ ಬಂದ ಮತ್ತೊಂದು, ಜಗತ್ತಿನ ಸರಾಸರಿ ಗಾಳಿ 2010ರ ಹೊತ್ತಿಗೆ ಮತ್ತೆ ಏರಲು ತೊಡಗಿದೆಯೆಂದಿತು. ಅಂದರೆ ಹಿರಿಯರು ಹೇಳುವ ನಮ್ಮ ಕಾಲದ ಗಾಳಿ ಜೋರಾಗಿತ್ತು ಎಂಬ ಮಾತಿಗೆ ಠಾಣೆಯ ಪುಸ್ತಕದಲ್ಲಿ ಆಧಾರ ಸಿಗಬಹುದು. ಆದರೆ ಅದರಲ್ಲಿ ಎಷ್ಟು ಪಾಲು ಆಕಾಶದ್ದು, ಎಷ್ಟು ಪಾಲು ಊರು ಬೆಳೆದದ್ದು ಎಂದು ಬಿಡಿಸುವ ಕೆಲಸ ಬಾಕಿ ಉಳಿಯುತ್ತದೆ.

ಬಿಡಿಸಲು ಜಲಶಾಸ್ತ್ರದವರ ಹಳೆಯ ಉಪಾಯವೊಂದು ಇಲ್ಲಿ ಚೆನ್ನಾಗಿ ಒದಗುತ್ತದೆ. ಪರೀಕ್ಷಿಸಬೇಕಾದ ಠಾಣೆಯ ಜುಲೈ ಗಾಳಿಯನ್ನು ವರ್ಷ ವರ್ಷಕ್ಕೆ ಕೂಡಿಸುತ್ತ ಹೋಗಿ, ನೆರೆಯ ಮೂರ್ನಾಲ್ಕು ಠಾಣೆಗಳ ಸರಾಸರಿಯನ್ನೂ ಹಾಗೆಯೇ ಕೂಡಿಸಿ, ಒಂದರ ಎದುರು ಇನ್ನೊಂದನ್ನು ಗ್ರಾಫಿನಲ್ಲಿ ಗುರುತಿಸಬೇಕು. ಜೆಟ್ ಸರಿದ ವರ್ಷ ಎಲ್ಲ ಠಾಣೆಗಳಲ್ಲೂ ಗಾಳಿ ತಗ್ಗುವುದರಿಂದ ಗೆರೆ ನೇರವಾಗಿಯೇ ಸಾಗುತ್ತದೆ. ಬೇರಿಂಗ್ ಸವೆದರೆ, ಮಾಪಕವನ್ನು ಬೇರೆ ಮಾಳಿಗೆಗೆ ಸಾಗಿಸಿದರೆ, ಎದುರಿಗೆ ಕಲ್ಯಾಣಮಂಟಪ ಎದ್ದರೆ ಗೆರೆ ಬಾಗುತ್ತದೆ. ಬಾಗಿದ ವರ್ಷ ತಿಳಿದರೆ ಠಾಣೆಯ ಕಡತದಲ್ಲಿ ಕಾರಣ ಹುಡುಕಬಹುದು. ಕಾರಣ ಸಿಗದೆ ಬರಿಯ ಬಾಗನ್ನೇ ನಂಬಿ ಅಂಕಿ ತಿದ್ದುವುದನ್ನು ನಾನು ಒಪ್ಪುವುದಿಲ್ಲ. ಇನ್ನೊಂದು ಸಾಕ್ಷಿ ಆವಿಯಾಗುವಿಕೆಯ ತೊಟ್ಟಿ. ಮಳೆನೆರಳಿನ ಜುಲೈನಲ್ಲಿ ತೊಟ್ಟಿಯ ನೀರು ಆರುವುದರಲ್ಲಿ ಗಾಳಿಯ ಕೈ ದೊಡ್ಡದು. ಮಾಪಕ ಗಾಳಿ ಇಳಿಯಿತೆಂದು ಹೇಳುವಾಗ ತೊಟ್ಟಿ ಎಂದಿನಂತೆಯೇ ಆರುತ್ತಿದ್ದರೆ ಮಾಪಕವನ್ನು ಬಿಚ್ಚಿ ನೋಡಬೇಕು.

ಇಷ್ಟೆಲ್ಲ ಏಕೆ, ಕಂಪ್ಯೂಟರಿನಲ್ಲಿ ಎಲ್ಲವೂ ಸಿಗುತ್ತದಲ್ಲ ಎನ್ನಬಹುದು. ಯುರೋಪಿನ ಇಆರ್‌ಎ5 ಎಂಬ ಮರುವಿಶ್ಲೇಷಣೆ 1940ರಿಂದ ಗಂಟೆಗಂಟೆಯ ಗಾಳಿಯನ್ನು 10 ಮೀಟರ್ ಮತ್ತು 100 ಮೀಟರ್ ಎತ್ತರಕ್ಕೆ ಕೊಡುತ್ತದೆ. ಮರ ಬೆಳೆಯುವ ತೊಂದರೆ ಅದಕ್ಕಿಲ್ಲ. ಜೆಟ್ ಯಾವ ದಿನ ಎಲ್ಲಿತ್ತೆಂದು ನೋಡಲು ಇಂದು ಅದಕ್ಕಿಂತ ಅನುಕೂಲವಾದದ್ದು ಕಡಿಮೆ, ನಾನು ಅದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಆದರೆ ಅದರ ಚೌಕದ ಬದಿ ಸುಮಾರು 31 ಕಿಲೋಮೀಟರ್. ಕಪ್ಪತಗುಡ್ಡದ ನೆತ್ತಿ, ಅದರ ಬುಡದ ಹಳ್ಳಿ ಎರಡೂ ಒಂದೇ ಚೌಕದಲ್ಲಿ ಕರಗಿಹೋಗುತ್ತವೆ. ಉಪಗ್ರಹಗಳ ಮಾಹಿತಿ ಹರಿದುಬರುವ ಮೊದಲಿನ ದಶಕಗಳನ್ನೂ ನಂತರದವನ್ನೂ ಒಂದೇ ತಕ್ಕಡಿಯಲ್ಲಿ ತೂಗುವಾಗಲೂ ಜೋಪಾನವಾಗಿರಬೇಕು. ಗಾಳಿಯಂತ್ರಗಳ ಉತ್ಪಾದನೆಯನ್ನೇ ಗಾಳಿಯ ಅಳತೆಯೆಂದು ಹಿಡಿಯುವವರೂ ಇದ್ದಾರೆ. 2020ರ ಜುಲೈನಲ್ಲಿ ದೇಶದ ಪವನ ವಿದ್ಯುತ್ ಹಿಂದಿನ ಜುಲೈಗಿಂತ ಬಹಳ ಕುಸಿದಾಗ ಆ ಚರ್ಚೆ ಜೋರಾಗಿಯೇ ನಡೆಯಿತು. ಉತ್ಪಾದನೆಯ ಅಂಕಿ ಒಳ್ಳೆಯ ಸುಳಿವು, ಆದರೆ ವರ್ಷವರ್ಷಕ್ಕೂ ಯಂತ್ರಗಳ ಸಂಖ್ಯೆ ಏರುತ್ತದೆ, ಹೊಸ ಯಂತ್ರಗಳ ಕಂಬ ಹಳೆಯವಕ್ಕಿಂತ ಎತ್ತರ, ಜಾಲಕ್ಕೆ ವಿದ್ಯುತ್ ಹೆಚ್ಚಾದ ದಿನ ಕೆಲವನ್ನು ನಿಲ್ಲಿಸುವುದೂ ಉಂಟು.

ಈ ವಿಷಯದಲ್ಲಿ ನಮಗೆ ದಾರಿ ಹಾಕಿಕೊಟ್ಟವರು ಅಣ್ಣಾ ಮಣಿ. ಹವಾಮಾನ ಇಲಾಖೆಯ ಉಪಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದ ಮೇಲೆ ಅವರು ಬೆಂಗಳೂರಿನಲ್ಲಿ ನೆಲೆಸಿ, ಇದೇ ಕೆಲಸವನ್ನು ಕೈಗೆತ್ತಿಕೊಂಡರು. ಡಿ. ಎ. ಮೂಲೆಯವರೊಡನೆ 1983ರಲ್ಲಿ ದೇಶದ ಗಾಳಿ ಅಂಕಿಗಳ ಗ್ರಂಥವನ್ನು ಹೊರತಂದರು. ಆಮೇಲಿನ ಸಮೀಕ್ಷೆಗಳಲ್ಲಿ ಗಾಳಿಗೆಂದೇ ನೆಟ್ಟ ಕಂಬಗಳ ಮೇಲೆ ಅಳತೆ ನಡೆಯಿತು. ಮಾಪಕ ಸರಿಯಿಲ್ಲದಿದ್ದರೆ ಅಂಕಿಯೇ ಬೇಡ ಎಂಬ ಅವರ ಕಟ್ಟುನಿಟ್ಟು ಇಂದಿಗೂ ಬೇಕಾದದ್ದು.

ಕೊನೆಗೆ, ಇನ್ನೂ ಹಿಂದಕ್ಕೆ ಹೋಗಬಯಸುವವರಿಗೆ ಒಂದು ಮಾತು. ಮೈಸೂರು ಸಂಸ್ಥಾನ 1890ರ ದಶಕದ ಆರಂಭದಲ್ಲೇ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳನ್ನು ನಡೆಸುತ್ತಿತ್ತು. ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ಮೇಲ್ವಿಚಾರಣೆಯಲ್ಲಿ 1893ರಿಂದ ವಾರ್ಷಿಕ ವರದಿಗಳು ಅಚ್ಚಾದವು. ಆ ಕಾಲದ ಯಾವುದೇ ಗಾಳಿ ಅಂಕಿಯನ್ನು ಇಂದಿನದಕ್ಕೆ ಹೋಲಿಸುವ ಮುನ್ನ ಒಂದು ಗುಣಕವನ್ನು ವಿಚಾರಿಸಬೇಕು. 1846ರಲ್ಲಿ ಬಟ್ಟಲು ಮಾಪಕವನ್ನು ರೂಪಿಸಿದ ಥಾಮಸ್ ರಾಬಿನ್ಸನ್, ಬಟ್ಟಲುಗಳು ಗಾಳಿಯ ವೇಗದ ಮೂರನೇ ಒಂದರಷ್ಟು ವೇಗದಲ್ಲಿ ತಿರುಗುತ್ತವೆಂದು ಭಾವಿಸಿದ್ದರು. ಎಣಿಕೆಪೆಟ್ಟಿಗೆಗಳನ್ನು ಆ ಮೂರರ ಗುಣಕಕ್ಕೇ ಹೊಂದಿಸಲಾಗುತ್ತಿತ್ತು. ಮುಂದಿನ ಪ್ರಯೋಗಗಳಲ್ಲಿ ಅದು ಹೆಚ್ಚೆಂದು ಗೊತ್ತಾಗಿ, 20ನೇ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ಹವಾಮಾನ ಕಚೇರಿ ತನ್ನ ಮಾಪಕಗಳಿಗೆ 2.2 ಎಂಬ ಗುಣಕವನ್ನು ಒಪ್ಪಿಕೊಂಡಿತು. ತಿದ್ದದೆ ಬಿಟ್ಟರೆ ಹಳೆಯ ವೇಗಗಳು ಮೂರನೇ ಒಂದು ಪಾಲಿಗೂ ಮಿಗಿಲಾಗಿ ಉಬ್ಬಿರುತ್ತವೆ, ಮುತ್ತಜ್ಜನ ಕಾಲದ ಆಷಾಢ ಭಯಂಕರವಾಗಿ ಕಾಣುತ್ತದೆ. ಯಾವ ಠಾಣೆಯಲ್ಲಿ ಯಾವ ಗಾತ್ರದ ಬಟ್ಟಲು ಇತ್ತೆಂಬುದಕ್ಕೆ ತಕ್ಕಂತೆ ಗುಣಕವೂ ಬೇರೆಯಾಗುತ್ತದೆ. ಆದರೂ ಆ ವರದಿಗಳು ವ್ಯರ್ಥವಲ್ಲ. ಒಂದೇ ಮಾಪಕ, ಒಂದೇ ಜಾಗ, ಒಂದೇ ಗುಣಕ ಇದ್ದ ವರ್ಷಗಳೊಳಗೆ ಜುಲೈಗಳನ್ನು ಜೋರಿನಿಂದ ಸಪ್ಪೆಯವರೆಗೆ ಸಾಲಾಗಿ ನಿಲ್ಲಿಸಬಹುದು. ಎಲ್ಲವನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಸಾಲು ಬದಲಾಗುವುದಿಲ್ಲ. ಆ ಸಾಲನ್ನು ಅದೇ ವರ್ಷಗಳ ಘಟ್ಟದ ಮಳೆಯೊಡನೆ ಇಟ್ಟುನೋಡಿದರೆ, ನೂರಮೂವತ್ತು ವರ್ಷದ ಹಿಂದೆ ಜೆಟ್ ಯಾವ ಜುಲೈನಲ್ಲಿ ಚಿತ್ರದುರ್ಗದ ಮೇಲೆ ನಿಂತಿತ್ತು, ಯಾವುದರಲ್ಲಿ ಸರಿದಿತ್ತು ಎಂದು ಅಂದಾಜಿಸಲು ಸಾಧ್ಯ. ಅದಕ್ಕೆ ಬೇಕಾದದ್ದು ಆ ವರದಿಗಳ ದಿನವಹಿ ಅಂಕಿಗಳನ್ನು, ಅಡಿಟಿಪ್ಪಣಿಗಳೂ ಸೇರಿದಂತೆ, ಒಂದನ್ನೂ ಬಿಡದೆ ಗಣಕಕ್ಕೆ ಏರಿಸುವ ಕೆಲಸ.